ಇನ್ನೂ ನಿಧಾನ

ಆಸ್ಲಾಕ್ ತಂದ ಫೇಸರ್ ಪೆಡಲ್ಲು ನನಗಿಂತ ಎರಡು ವರ್ಷ ಹಿರಿದು.
ಕಾಲೊತ್ತುವಲ್ಲಿ ಕಿತ್ತಳೆ ಬಣ್ಣ ಹೋಗಿ ಬರೀ ತಗಡು.
"ತಿರುಗಣಿ ಪೂರ್ತಿ ಎಡಕ್ಕಿಟ್ಟರೂ ಅವಸರ ಇದಕ್ಕೆ.
ಇನ್ನೂ ನಿಧಾನ ಬೇಕು, ತೂರ್ಬ್ಯೋರ್ಗ್."

ಎಷ್ಟು ನಿಧಾನ?
ಅವನು ಕಿಟಕಿ ತೋರಿಸಿದ.
ಟ್ರೊಮ್ಸೊದಲ್ಲಿ ಮಟಮಟ ಮಧ್ಯಾಹ್ನ:
ಕೊಲ್ಲಿಯಾಚೆ ಒಂದಿಷ್ಟು ನೀಲಿ ಏರಿ,
ಸೂರ್ಯ ಹುಟ್ಟದೆಯೇ
ಇಳಿಯತೊಡಗಿತ್ತು.

ಹದಿನೈದು ಮೈಕ್ರೊಫ್ಯಾರಡ್ ಕಿತ್ತು
ಅರವತ್ತೆಂಟರದು ಇಟ್ಟೆ.
ದಪ್ಪ; ಮುಚ್ಚಳ ಕೂರದು. ಅಡ್ಡ ಮಲಗಿಸಿ ಬೆಸೆದೆ.
ಸಣ್ಣ ನಲ್ಲಿಯ ಕೆಳಗೆ ದೊಡ್ಡ ಹಂಡೆ,
ತುಂಬಲಿ ಅದರ ಪಾಡಿಗೆ.

ಅವನು ತಂತಿಗಳನ್ನೆಲ್ಲ ಒಮ್ಮೆ ಮೀಟಿ ಬಿಟ್ಟ.
ಏನೂ ಆಗಲಿಲ್ಲ.
ಎಲ್ಲಿ ತಪ್ಪಿತೆಂದು ನಾನು
ಸ್ಕ್ರೂಡ್ರೈವರಿಗೆ ಕೈ ಚಾಚುವಷ್ಟರಲ್ಲಿ
ಆರಿಹೋಗುತ್ತಿದ್ದ ಸದ್ದು
ಮಗ್ಗುಲು ಬದಲಿಸಿತು.