ಹ್ಯಾಮರ್‌ಫೆಸ್ಟ್‌ನಲ್ಲಿ ಜೂನ್

ರೆಪ್ಪೆಗೆ ರೆಪ್ಪೆ ಸರಿಯಾಗಿ ಅಂಟಿ
ಹನ್ನೊಂದು ದಿನವಾಯಿತು.
ನಡುರಾತ್ರಿಯ ಬಿಸಿಲು ಟೂರುನ್‌ಳ ಅಡುಗೆಮನೆಯಲ್ಲಿ
ಸಾಲ ವಸೂಲಿಗೆ ಬಂದವನಂತೆ ಕೂತೇ ಇದೆ.

ಮೀನಿನ ಕಾರ್ಖಾನೆಯಲ್ಲಿ ತಕ್ಕಡಿ ಅವಳದು.
ನಿನ್ನೆ ನಾಲ್ಕನ್ನು ಏಳೆಂದು ಬರೆದಳು.
ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು,
ಬೆಣ್ಣೆ ಕೋಟಿನ ಜೇಬಿನಲ್ಲಿ.
ನಕ್ಕಳು; ನಗು ಎಲ್ಲಿ ಅಳುವಾಯಿತೋ
ಅವಳಿಗೇ ತಿಳಿಯಲಿಲ್ಲ.

"ಹುಚ್ಚು ಹಿಡಿಯುತ್ತಿದೆಯೇ ನನಗೆ?"
ಕೆಳಮನೆಯ ಓಡ್‌ವಾರ್ ಉತ್ತರಿಸಲಿಲ್ಲ.
ದೋಣಿಗೆ ಹೊದಿಸುವ ಕರಿ ಟಾರ್ಪಾಲು ತಂದು
ಕಿಟಕಿಗೆ ಹದಿನಾಲ್ಕು ಮೊಳೆ ಹೊಡೆದ.
ಒಂದು ಸೊಟ್ಟ.

ಅದರ ಪಕ್ಕದಿಂದ ನುಸುಳಿದ
ಒಂದೆಳೆ ಬೆಳಕನ್ನೇ ನೋಡುತ್ತ ನೋಡುತ್ತ
ಕಲ್ಲು ನೀರಿಗಿಳಿದಂತೆ ಇಳಿದಳು.

ಎದ್ದಾಗ ಯಾವ ವಾರವೋ.
ಕಾಫಿಗೆ ಕಾಫಿಯದೇ ರುಚಿ.
ತಕ್ಕಡಿಯ ಮುಂದೆ ನಾಲ್ಕು ನಾಲ್ಕೇ.
ಸೊಟ್ಟ ಮೊಳೆಯನ್ನು ಮಾತ್ರ
ಹಾಗೇ ಬಿಟ್ಟಳು.