ನಡುವಿನ ಇಪ್ಪತ್ತೆರಡು

ಮೊದಲ ಚಿತ್ರ ಅನ್ವರ್ ಸರ್ ಬರೆಯುತ್ತಾರೆ, ಕೊನೆಯದೂ ಅವರೇ.
ನಡುವಿನ ಇಪ್ಪತ್ತೆರಡು ನನ್ನ ಪಾಲು.
ಲಷ್ಕರ್ ಮೊಹಲ್ಲಾದ ಹಾಸಿಗೆ ಅಂಗಡಿಯ ಮೇಲೆ ನಮ್ಮ ಸ್ಟುಡಿಯೋ,
ಕೆಳಗೆ ಹತ್ತಿ ಹಿಂಜಿದರೆ ಮೇಲೆ ನನಗೆ ಸೀನು.
ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ.
ಆರು ವರ್ಷದಿಂದ ಹೀಗೆ
ಸೆಕೆಂಡುಗಳ ಹೊಟ್ಟೆಯೊಳಗೆ ಕೂತು ಸಂಬಳ ಎಣಿಸುತ್ತಿದ್ದೇನೆ.

ಬಂಡೆಹೈದ ನನ್ನ ಕೈಗೆ ಸಿಕ್ಕಾಗ ಅವನಿಗೆ ಹನ್ನೊಂದು.
ಮುಷ್ಟಿ ಬಿಗಿದರೆ ಮೈ ಕಲ್ಲಾಗುವ ಹುಡುಗ.
ಮೊದಲ ಸೀಸನ್ನಿನಲ್ಲಿ ಬರೀ ಪುಂಡಾಟ:
ಎದೆಗೆ ಬಿದ್ದ ಕ್ರಿಕೆಟ್ ಬಾಲು ಎರಡು ಹೋಳು,
ಮೇಷ್ಟ್ರ ಬೆತ್ತ ಚೂರು ಚೂರು,
ನಾಲೆ ಏರಿಯ ಮೇಲೆ ನಿಂತು "ಯಾವನ್ಲಾ ನೀನು" ಅನ್ನುವ ಗತ್ತು.
ಆಗ ಅವನ ಹುಬ್ಬು ಬರೆಯುವುದು ಸುಲಭ.
ಎರಡು ಗೆರೆ, ಮೇಲಕ್ಕೆ.

ಎರಡನೆಯದರಲ್ಲಿ ಗೊತ್ತಾಯಿತು,
ಕಲ್ಲಾದಷ್ಟು ಸಲವೂ ಒಂದು ಉಗುರಷ್ಟು ಕಲ್ಲು
ಮೈಯಲ್ಲೇ ಉಳಿದುಬಿಡುತ್ತದೆ.
ಎಡಗೈ ಕಿರುಬೆರಳು ಮೊದಲು.
ಆಮೇಲೆ ಕಿವಿಯ ತುದಿ, ಅಕ್ಕ ಹಿಂಡಿದರೂ ನೋಯದ ಕಿವಿ.
ಅಂದಿನಿಂದ ಅವನು ಲೆಕ್ಕ ಹಾಕಿ ಕಲ್ಲಾಗತೊಡಗಿದ.
ಬಸ್ಸಿನ ಕೆಳಗೆ ನಾಯಿಮರಿ ಸಿಕ್ಕಿಕೊಂಡರೆ ಹೌದು,
ಮಾವಿನಕಾಯಿಗೆ ಇಲ್ಲ.
ಹುಬ್ಬು ಬರೆಯಲು ನನಗೀಗ ಅರ್ಧ ದಿನ ಬೇಕು.

ಕೊನೆಯ ಕಂತು ಬಂತು.
ಅಣೆಕಟ್ಟು ಬಿರಿಯುತ್ತದೆ, ಕೆಳಗೆ ಊರು ಮಲಗಿದೆ.
ಯಾವ ಊರಿನ ಹಾಗೂ ಕಾಣಬಾರದು ಅಂತ ಮೇಲಿನವರ ಅಪ್ಪಣೆ.
ನನ್ನ ಕೈ ಬೆಳಗೊಳದ್ದು;
ತೂಬುಗಳನ್ನು ಬರೆದು ದೂರ ನಿಂತು ನೋಡಿದರೆ
ಅದು ಕನ್ನಂಬಾಡಿಯೇ.
ಅಳಿಸಿದೆ. ಮತ್ತೆ ಅದೇ.

ಚಿತ್ರ ಒಂದು: ಬಿರುಕಿಗೆ ಬೆನ್ನು ಕೊಟ್ಟ ಹುಡುಗ, ಕಣ್ಣು ನೇರ.
ಚಿತ್ರ ಇಪ್ಪತ್ನಾಲ್ಕು: ಬಿರುಕಿಲ್ಲ. ಹುಡುಗನೂ ಇಲ್ಲ.
ಗೋಡೆಯಲ್ಲಿ ಒಂದು ಕಲ್ಲು ಜಾಸ್ತಿ.

ಭಾನುವಾರ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ.
ಅವಳು ಅವರೆಕಾಳು ಹಿದುಕುತ್ತಿದ್ದಳು.
ಏರಿ ನಿಲ್ಲಲಿ ಅಂತ ಸೊಸೆಯನ್ನು ಕೊಟ್ಟ ಕತೆ ಕೇಳಿ ಬೆಳೆದವಳು.
ಕೈ ನಿಲ್ಲಿಸದೆ ಅಂದಳು,
"ಆ ಮಗೀನ ಯಾರಾರ ಒಂದ್ಮಾತು ಕೇಳುದ್ರಾ?"
"ಇಲ್ಲ ಕಣವ್ವ, ಅವನೇ ಹೋದ."
"ಊಂ ಕನವ್ವ. ಎಲ್ರೂವೆ ಹಂಗೇ ಯೋಳೋದು,
ಅವ್ಳಾಗೇ ವೋದ್ಲು ಅಂತ."
ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ ನನ್ನ ಮಡಿಲಿಗೆ ಬಿತ್ತು.

ಸೋಮವಾರ ರಾತ್ರಿ ಹನ್ನೊಂದು.
ಎರಡು, ಮೂರು, ನಾಲ್ಕು, ಐದು, ಬರೆಯುತ್ತ ಹೋದೆ.
ಆರರಲ್ಲಿ ಪೆನ್ನು ನಿಂತಿತು.
ಇಷ್ಟು ವರ್ಷ ಇವನ ಕೈಕಾಲು ಆಡಿಸಿದವಳು ನಾನು;
ಈಗ ತಳ್ಳುತ್ತಿರುವುದೂ ನಾನೇನಾ?
ಏಳರಲ್ಲಿ ಅವನ ಕಣ್ಣನ್ನು ಒಂದು ಕೂದಲೆಳೆಯಷ್ಟು
ಎಡಕ್ಕೆ, ಮೆಟ್ಟಿಲ ಕಡೆಗೆ ಸರಿಸಿದೆ.
ಮೆಟ್ಟಿಲು ಖಾಲಿ ಇತ್ತು. ಓಡಬಹುದಿತ್ತು.
ಎಂಟರಲ್ಲಿ ರೆಪ್ಪೆ ನಡುಗಿತು.
ಒಂಬತ್ತರಲ್ಲಿ ಕಣ್ಣು ತಾನೇ ವಾಪಸು ಬಂತು.
ನಾನು ತರಲಿಲ್ಲ, ಆಣೆ.
ಆಮೇಲೆ ಕಲ್ಲು: ಮೊಣಕಾಲು, ಸೊಂಟ,
ಅಂಗಿಯ ಕಿತ್ತುಹೋದ ಗುಂಡಿ, ಗಂಟಲು.

ಅನ್ವರ್ ಸರ್ ಹಿಂದೆ ಮುಂದೆ ನಾಕು ಸಲ ಓಡಿಸಿ ನೋಡಿದರು.
"ಕಣ್ಣು ಜಾರಿದೆ" ಅಂದರು.
ಅಳಿಸು ಅನ್ನಲಿಲ್ಲ.

ಪ್ರಸಾರದ ದಿನ ಪುಟ್ಟಮಾದಯ್ಯನ ಟೀ ಅಂಗಡಿಯ ಟಿವಿ.
ಮೊಮ್ಮಗಳು ಇಂಚರ ಬನ್ನು ಬಾಯಲ್ಲಿಟ್ಟು ಮರೆತಿದ್ದಳು.
ನೀರು ನಿಂತಿತು, ಊರು ಎದ್ದಿತು, ಹೆಸರುಗಳು ಓಡಿದವು.
ನನ್ನದು ಕೊನೆಯಿಂದ ಮೂರನೆಯದು, ಒಂದಕ್ಷರ ತಪ್ಪು.
ಯಾರೋ ಚಾನೆಲ್ ತಿರುಗಿಸಿದರು.
ಅವಳು ಬನ್ನು ನುಂಗಿ, ತಾತನ ಪಂಚೆ ಎಳೆದು,
"ಅವ್ನು ಒಂಚೂರು ಹೆದರ್ಕೊಂಡ, ಅಲ್ವಾ ತಾತ?" ಅಂದಳು.
ತಾತನ ಕಣ್ಣು ಉಕ್ಕುವ ಹಾಲಿನ ಮೇಲೆ.

ಯಾರೂ ಕೇಳದೆ
ನಾನು ಹೂಂ ಅಂದೆ.