ಹನ್ನೆರಡು ಸ್ಟೂಲು

ಕುಮಾಸಿಯ ಲಾರಿ ನಿಲ್ದಾಣದ ಹಿಂದೆ
ಅಕ್ಕತಂಗಿಯರ ಎರಡು ಒಲೆ, ಒಂದೇ ಹೊಗೆ.

ಸೆರ್ವಾ ದಿನವೂ ಮೂರು ಸ್ಟೂಲು ಹಾಕುತ್ತಾಳೆ.
ನಿನ್ನೆ ಬಂದವರು ಮೂರೇ ಜನ;
ಮೊನ್ನೆಯೂ.
ನಾಲ್ಕನೆಯವ ನಿಂತು, ನೋಡಿ, ಮುಂದೆ ಹೋದದ್ದು
ಅವಳ ಲೆಕ್ಕಕ್ಕೆ ಬರಲೇ ಇಲ್ಲ.

ತಂಗಿ ಪೊಕುವಾ ಹಾಕುವುದು ಹನ್ನೆರಡು.
ಕೆಲವು ಸಂಜೆ ಒಂಬತ್ತು ಖಾಲಿ;
ಉಳಿದ ಅನ್ನ, ಅಲಸಂದೆ ಮೇಕೆಗೆ,
ಅಕ್ಕನ ನಗು ಪುಕ್ಕಟೆ.
ಬೆಳಗಾದರೆ ಮತ್ತೆ ಒರೆಸುತ್ತಾಳೆ
ಒಂದೊಂದನ್ನೇ,
ಬರಲಿರುವವರ ಬೆನ್ನು ಸವರಿದ ಹಾಗೆ.

ಇವತ್ತು ಟೈರು ಒಡೆದು ಬಸ್ಸೊಂದು ನಿಂತಿತು.
ಜನ ಇಳಿದರು, ಹಸಿದು,
ಕೂರಲು ಜಾಗ ಕಂಡ ಕಡೆಗೇ ನಡೆದರು.

'ಎಲ್ಲ ಅವಳ ಅದೃಷ್ಟ' ಅನ್ನುತ್ತಲೇ
ಸೆರ್ವಾ ತನ್ನದೊಂದು ಸ್ಟೂಲನ್ನು
ಹದಿಮೂರನೆಯವನತ್ತ
ಕಾಲಿನಿಂದ ದೂಡಿದಳು.